ದೇವತೆ ಪ್ರತ್ಯಕ್ಷಳಾದ ಮೇಲೆ

ಅದ್ಭುತಲೋಕದ ಕಾದಂಬರಿಯನ್ನು ಬರೆಯಹೊರಟವನು ಸಾಮಾನ್ಯವಾಗಿ ಮೊದಲು ಒಂದು ಭೂಪಟವನ್ನು ರಚಿಸಿ, ನದಿಪರ್ವತಗಳಿಗೆ ನಾಮಕರಣ ಮಾಡಿ, ತರುವಾಯ ಮಳೆಗೊಬ್ಬ, ಮರಣಕ್ಕೊಬ್ಬ, ಸಮರಕ್ಕೊಬ್ಬನೆಂದು ದೇವರುಗಳನ್ನು ಖಾತೆ ಹಂಚಿಕೊಂಡ ಮಂತ್ರಿಮಂಡಲದಂತೆ ಕೂರಿಸಿ, ಅಲ್ಲಿಗೆ ಮತಧರ್ಮದ ಕೆಲಸ ಮುಗಿಯಿತೆಂದು ಭಾವಿಸುತ್ತಾನೆ. ಆದರೆ ಕರೆದೊಡನೆ ದೇವರು ಬಂದು ನಿಲ್ಲುವ ಲೋಕದಲ್ಲಿ ಶ್ರದ್ಧೆಗೆ ಎಡೆಯೆಲ್ಲಿ? ಕಣ್ಣಾರೆ ಕಂಡುದನ್ನು ಒಪ್ಪುವುದಕ್ಕೆ ಭಕ್ತಿಯೇನೂ ಬೇಕಾಗದು. ಸಂಶಯಕ್ಕೆ ಅವಕಾಶವಿಲ್ಲದ ಕಡೆ ದೇವರು ಕಥೆಗೆ ಒದಗುವ ಇನ್ನೊಂದು ಆಯುಧ ಮಾತ್ರವಾಗುತ್ತಾನೆ.

ಇಂಗ್ಲಿಷಿನ ಟೋಲ್ಕಿನ್ ನಿಷ್ಠಾವಂತ ಕ್ಯಾಥೊಲಿಕ್. 1954–55ರಲ್ಲಿ ಪ್ರಕಟವಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂಲತಃ ಧಾರ್ಮಿಕ ಕೃತಿಯೆಂದು ತನ್ನ ಪಾದ್ರಿಮಿತ್ರನೊಬ್ಬನಿಗೆ ಬರೆದವನೇ ಆತ. ಹಾಗಿದ್ದೂ ಅದರ ನಾಯಕರು ಪ್ರಾರ್ಥನೆಗೆ ಹೋಗುವ ದೇವಾಲಯವೊಂದನ್ನೂ ಅವನು ಕಟ್ಟಲಿಲ್ಲ. ಉಂಗುರ ನಾಶವಾಗುವ ದಿನ ಮಾತ್ರ ಮಾರ್ಚ್ 25, ಕ್ರೈಸ್ತರ ಮಂಗಳವಾರ್ತೆಯ ಹಬ್ಬ. ಬಲ್ಲವರು ಬಲ್ಲರು, ಉಳಿದವರಿಗೆ ಕಥೆಯೇ ಸಾಕು. ಅವನ ಮಿತ್ರ ಲೂಯಿಸನಿಗೆ ಈ ಸಂಯಮ ಒಗ್ಗಲಿಲ್ಲ. ಅವನ ನಾರ್ನಿಯಾ ಕಥೆಗಳ ಸಿಂಹದ ಹಿಂದೆ ಧರ್ಮಬೋಧಕನ ನೆರಳು ಆಗಾಗ ಕಾಣಿಸಿಕೊಂಡುಬಿಡುತ್ತದೆ.

ಈ ವಿಷಯದಲ್ಲಿ ನನ್ನನ್ನು ಬಹುವಾಗಿ ಸೆಳೆದುದು ಅಮೆರಿಕದ ಅರ್ಸುಲಾ ಲೆ ಗ್ವಿನ್ 1971ರಲ್ಲಿ ಪ್ರಕಟಿಸಿದ ‘ದಿ ಟೂಂಬ್ಸ್ ಆಫ್ ಆಟುವಾನ್’. ಹಿಂದಿನ ಅರ್ಚಕಿ ತೀರಿಕೊಂಡ ರಾತ್ರಿ ಹುಟ್ಟಿದಳೆಂಬ ಒಂದೇ ಕಾರಣಕ್ಕೆ ಹಸುಳೆಯೊಬ್ಬಳನ್ನು ತಾಯಿಯ ಮಡಿಲಿನಿಂದ ತಂದು, ಅವಳ ಹೆಸರನ್ನು ಕಿತ್ತುಕೊಂಡು, ಅನಾಮಿಕ ಶಕ್ತಿಗಳಿಗೆ ಅರ್ಪಿಸುತ್ತಾರೆ. ಬೆಳಕು ನಿಷಿದ್ಧವಾದ ನೆಲಮಾಳಿಗೆಯಲ್ಲಿ ಗೋಡೆ ತಡವುತ್ತ, ತಿರುವುಗಳನ್ನು ಬಾಯಿಪಾಠ ಮಾಡುತ್ತ ಅವಳು ಬೆಳೆಯುತ್ತಾಳೆ. ಒಂದು ದಿನ ಅಲ್ಲಿಗೆ ನುಗ್ಗಿದ ಮಾಂತ್ರಿಕನ ದಂಡದ ಬೆಳಕಿನಲ್ಲಿ, ತಾನು ಬೆರಳುಗಳಿಂದ ಮಾತ್ರ ಅರಿತಿದ್ದ ಆ ಗುಹೆ ಸ್ಫಟಿಕಗಳಿಂದ ಥಳಥಳಿಸುವುದನ್ನು ಕಾಣುತ್ತಾಳೆ. ಲೇಖಕಿ ಇನ್ನು ಆ ದೈವಗಳೆಲ್ಲ ಸುಳ್ಳೆಂದು ಸಾರಿ ಸುಲಭವಾಗಿ ಪಾರಾಗಬಹುದಾಗಿತ್ತು. ಹಾಗೆ ಮಾಡುವುದಿಲ್ಲ. ಅವು ಇರುವುದು ದಿಟ, ಅವುಗಳ ಬಲವೂ ದಿಟ, ಆದರೆ ಪೂಜೆಗೆ ಅರ್ಹವಲ್ಲವೆಂಬ ಮಾತನ್ನು ಮಾಂತ್ರಿಕನ ಬಾಯಲ್ಲಿ ಆಡಿಸುತ್ತಾಳೆ. ದೈವದ ಅಸ್ತಿತ್ವ ನಿಶ್ಚಯವಾದ ಮೇಲೂ ಆ ಹುಡುಗಿಗೆ ತಲೆಬಾಗಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಬಾಲ್ಯವನ್ನೆಲ್ಲ ತೆತ್ತು ಸಂಪಾದಿಸಿದ ನಂಬಿಕೆಯನ್ನು ಬಿಡುವುದು ಅವಳಿಗೆ ಬಿಡುಗಡೆಯಾದಷ್ಟೇ ಸಂಕಟವೂ ಆಗುತ್ತದೆ.

ನಮ್ಮಲ್ಲಿಯೂ ಇದರ ಮರ್ಮವನ್ನರಿತವರಿದ್ದಾರೆ. ಗಿರೀಶ ಕಾರ್ನಾಡರ ‘ಹಯವದನ’ ನಾಟಕದ ಕಾಳಿ ಬಾಯಿ ತೆರೆದು, ತೋಳು ಚಾಚಿ, ಭೀಕರ ರೂಪದಲ್ಲಿ ಪ್ರತ್ಯಕ್ಷಳಾಗುತ್ತಾಳೆ, ಮರುಕ್ಷಣವೇ ಅದು ರೌದ್ರವಲ್ಲ, ಬರಿಯ ಆಕಳಿಕೆಯೆಂದು ತಿಳಿಯುತ್ತದೆ. ಇದು ದೇವೀನಿಂದೆಯೆಂದು ಮೂಗು ಮುರಿಯುವವರು ನಮ್ಮ ಬಯಲಾಟಗಳಲ್ಲಿ ದೇವಾನುದೇವತೆಗಳಿಗೆ ಸಲ್ಲುವ ಸಲಿಗೆಯನ್ನು ಮರೆತಿರಬೇಕು. ಗಂಡನೂ ಅವನ ಗೆಳೆಯನೂ ಕಡಿದುಕೊಂಡ ರುಂಡಗಳನ್ನು ಮುಂಡಗಳಿಗೆ ಜೋಡಿಸೆಂದು ದೇವಿ ನಾಯಕಿ ಪದ್ಮಿನಿಗೆ ಹೇಳುತ್ತಾಳೆ. ಪದ್ಮಿನಿ ಆತುರದಲ್ಲಿ ಅದಲುಬದಲು ಮಾಡುತ್ತಾಳೆ. ದೇವಿ ಅದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಇವರಲ್ಲಿ ಗಂಡನಾರೆಂಬ ವ್ಯಾಜ್ಯ ಹುಟ್ಟಿದಾಗ, ದೇವತೆಯನ್ನೇ ಕಂಡ ಹೆಂಗಸು ಜೊತೆಯಲ್ಲಿದ್ದೂ, ಮೂವರು ತೀರ್ಪಿಗಾಗಿ ಋಷಿಯೊಬ್ಬನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.