ಮುದ್ರೆಕಲ್ಲಿಗೆ ದಿಕ್ಕಿಲ್ಲ!

ಕೆಂಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಸರ್ವೆ ಇಲಾಖೆಯ ಬಾಂದು ಕಲ್ಲು ಒಂದು ಗೇಣು ಸರಿದರೆ ಸಾಕು, ಅಣ್ಣತಮ್ಮಂದಿರು ಚಿಕ್ಕನಾಯಕನಹಳ್ಳಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ವಕೀಲರ ಫೀಜು, ಅಳತೆ ಖರ್ಚು, ಬಸ್ ಚಾರ್ಜು ಎಲ್ಲಕ್ಕೂ ಕೊಬ್ಬರಿ ಮಾರಿದ ದುಡ್ಡು. ಸರ್ವೆ ಕಲ್ಲು ಕಿತ್ತವನಿಗೆ ದಂಡ ಹಾಕಲು 1964ರ ಭೂಕಂದಾಯ ಕಾಯ್ದೆಯೂ ಉಂಟು. ಆದರೆ ಏಳೆಂಟು ಶತಮಾನದ ಹಿಂದೆ ನೆಟ್ಟ ಎಲ್ಲೆಕಲ್ಲು ರಾತ್ರೋರಾತ್ರಿ ಮಾಯವಾದರೆ? ಕೇಳೋರೇ ಇಲ್ಲ!

ಯಾವುದಪ್ಪಾ ಆ ಕಲ್ಲು ಅನ್ನುವವರಿಗೆ ಎರಡು ಮಾತು. ಹಿಂದೆ ದೇವಸ್ಥಾನಕ್ಕೋ ಬಸದಿಗೋ ಭೂಮಿ ದತ್ತಿ ಬಿಟ್ಟಾಗ ಅದರ ಎಲ್ಲೆಯಲ್ಲಿ ಗುರುತಿನ ಕಲ್ಲು ನೆಡುತ್ತಿದ್ದರು. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆ. ವಿಷ್ಣು ದೇವಾಲಯದ್ದೋ ಅಗ್ರಹಾರದ್ದೋ ಆದರೆ ಕೊಡೆ ಹಿಡಿದ ವಾಮನಮುದ್ರೆ, ಇಲ್ಲವೇ ಚಕ್ರ. ಬಸದಿಯ ಭೂಮಿಯಾದರೆ ಮುಕ್ಕೊಡೆ. ಮೇಲೆ ಸೂರ್ಯ ಚಂದ್ರರಿದ್ದರೆ, ಅವರಿರುವ ತನಕ ಈ ದತ್ತಿ ಇರಲಿ ಎಂದು ಅರ್ಥ. ಓದು ಬಾರದ ಒಕ್ಕಲಿಗನಿಗೂ ಒಂದೇ ನೋಟಕ್ಕೆ ತಿಳಿಯುವ ದಸ್ತಾವೇಜು ಅದು.

ಈ ಸೀಮೆ ದತ್ತಿಗೆ ಬಡವಾದದ್ದಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ 1286ರದ್ದು. ತುರುವೇಕೆರೆಯ ಹೊಯ್ಸಳ ಗುಡಿಗಳನ್ನು ಬಲ್ಲದವರಾರು? ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳಿಗೇ ಒಂದು ಸಂಪುಟ ಮೀಸಲಿಟ್ಟು 1904ರಲ್ಲಿ ಅಚ್ಚು ಹಾಕಿಸಿದರು. ಅಂಥ ದತ್ತಿಶಾಸನಗಳಲ್ಲಿ ಇಂತಿಷ್ಟು ಗದ್ದೆ, ಇಂತಿಷ್ಟು ಬೆದ್ದಲು, ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಹಳ್ಳ ಎಂದು ಎಲ್ಲೆ ಹೇಳುವ ವಾಡಿಕೆ ಉಂಟು. ಕಾಗದದಲ್ಲಿರುವ ಆ ಮಾತಿಗೆ ನೆಲದ ಮೇಲಿನ ಸಾಕ್ಷಿಯೇ ಈ ಮುದ್ರೆಕಲ್ಲು.

ಈಗ ಆ ಸಾಕ್ಷಿಗೆ ಮೂವರು ವೈರಿಗಳು. ಮೊದಲನೆಯವನು ನಿಧಿಗಳ್ಳ. ಚಿತ್ರ ಕಂಡರೆ ಸಾಕು, ಕೆಳಗೆ ಕೊಪ್ಪರಿಗೆ ಇದೆ ಎಂದು ಅಮಾವಾಸ್ಯೆ ರಾತ್ರಿ ಅಗೆಯುತ್ತಾನೆ. ಸ್ವಾಮಿ, ಹೊಲದ ಎಲ್ಲೆಯಲ್ಲಿ ಯಾರಾದರೂ ಹಣ ಹೂತು, ಮೇಲೆ ಗುರುತನ್ನೂ ಕೆತ್ತಿಸುತ್ತಾರೆಯೇ? ಎರಡನೆಯದು ಜೆಸಿಬಿ. ರಸ್ತೆ ಅಗಲ ಮಾಡುವಾಗ, ತೋಟ ಸಮ ಮಾಡುವಾಗ ಅದಕ್ಕೆ ಎಲ್ಲ ಕಲ್ಲೂ ಒಂದೇ.

ಮೂರನೆಯದು ಭಯ. ಇದೇ ದೊಡ್ಡ ವೈರಿ. 'ದೇವರ ಕಲ್ಲು ಇದೆ ಅಂತ ಗೊತ್ತಾದ್ರೆ ಜಮೀನು ಹೋಗುತ್ತೆ' ಎಂಬ ಅಂಜಿಕೆಯಿಂದ ಎಷ್ಟೋ ಮಂದಿ ಕಲ್ಲನ್ನು ಬಾವಿಗೆ ತಳ್ಳುತ್ತಾರೆ, ಬಟ್ಟೆ ಒಗೆಯಲು ಮಗುಚಿ ಹಾಕುತ್ತಾರೆ. ಈ ಅಂಜಿಕೆಗೆ ಬುಡವಿಲ್ಲ. 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯ್ದೆಯಲ್ಲಿ ದೇವಸ್ಥಾನಗಳ ಇನಾಂ ಹಕ್ಕು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರರಿಗೆ ನೋಂದಣಿಗೆ ದಾರಿಯಾಯಿತು. ದೇವಸ್ಥಾನಕ್ಕೆ ತಸ್ತೀಕು ಗೊತ್ತಾಯಿತು. ಇಂದು ಕಚೇರಿ ನೋಡುವುದು ಪಹಣಿಯನ್ನು, ಕಲ್ಲಿನ ಮೇಲಿನ ವಾಮನನನ್ನಲ್ಲ. ಕಲ್ಲು ತೋಟದಲ್ಲಿ ನಿಂತಿದೆ ಎಂದ ಮಾತ್ರಕ್ಕೆ ಒಂದು ಗುಂಟೆಯೂ ಕೈಬಿಡುವುದಿಲ್ಲ.

ಹಾಗಾದರೆ ಕಿತ್ತು ಊರ ಗುಡಿಯ ಮುಂದೆ ನಿಲ್ಲಿಸಿದರಾಯಿತು ಎನ್ನುವ ಜಾಣರುಂಟು. ಅದೂ ತಪ್ಪು. ಹುಳಿಯಾರಿನ ಮೈಲಿಗಲ್ಲನ್ನು ಕಿತ್ತು ತಿಪಟೂರು ಪೇಟೆಯಲ್ಲಿ ನೆಟ್ಟರೆ ಬಸ್ಸಿನ ಡ್ರೈವರಿಗೆ ಏನು ಉಪಯೋಗ? ಎಲ್ಲೆಕಲ್ಲಿನ ಬೆಲೆ ಅರ್ಧ ಚಿತ್ರದಲ್ಲಿದೆ, ಅರ್ಧ ಅದು ನಿಂತ ಜಾಗದಲ್ಲಿದೆ.

ಈ ಪಾಠ ದೂರದ ದೇಶದ್ದೂ ಹೌದು. ದೇವರ ಜಾಗಕ್ಕೆ ಕಲ್ಲು ನೆಡುವ ಪದ್ಧತಿ ಕ್ರೈಸ್ತರಲ್ಲೂ ಇತ್ತು. ಸ್ಕಾಟ್ಲೆಂಡಿನ ವಿಟ್‌ಹಾರ್ನ್‌ನಲ್ಲಿ 7ನೇ ಶತಮಾನದ ಕಲ್ಲೊಂದಿದೆ. ಅದರ ಮೇಲೆ ಶಿಲುಬೆ. ಕೆಳಗೆ ಇದು ಅಪೊಸ್ತಲ ಪೇತ್ರನ ಸ್ಥಳ ಎಂದು ಸಾರುವ ಲ್ಯಾಟಿನ್ ಅಕ್ಷರ. ಊರಾಚೆ ರಸ್ತೆಬದಿಯಲ್ಲಿದ್ದ ಆ ಕಲ್ಲು ಈಗ ಮ್ಯೂಸಿಯಂನಲ್ಲಿ ಭದ್ರ. ಅಕ್ಷರವನ್ನು ಯಾರು ಬೇಕಾದರೂ ಓದಬಹುದು. ಪೇತ್ರನ ಸ್ಥಳ ಎಲ್ಲಿಂದ ಎಲ್ಲಿಯವರೆಗೆ ಎಂದು ಮ್ಯೂಸಿಯಂನ ಗೋಡೆ ಹೇಳೀತೇ?

ಮಾಡಬೇಕಾದ ಕೆಲಸಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕ ಇಡಲಿ. ಯಾವ ಸರ್ವೆ ನಂಬರು, ಯಾವ ಮುದ್ರೆ, ಯಾವ ದಿಕ್ಕಿಗೆ ಮುಖ ಎಂದು ಬರೆದು, ಮೊಬೈಲಿನಲ್ಲಿ ತೆಗೆದ ಫೋಟೋ ಅಂಟಿಸಲಿ. ಶಾಲೆಯ ಮೇಷ್ಟ್ರು, ಮಕ್ಕಳು ಒಂದು ಭಾನುವಾರ ತೋಟ ಸುತ್ತಿದರೆ ಅರ್ಧ ಕೆಲಸ ಮುಗಿಯಿತು. ರಸ್ತೆ ಕಂಟ್ರಾಕ್ಟರಿಗೆ ಕೆಲಸ ಒಪ್ಪಿಸುವ ಮುಂಚೆ ಎಂಜಿನಿಯರು ಆ ಪುಸ್ತಕ ಒಮ್ಮೆ ನೋಡಲಿ. 100 ವರ್ಷ ದಾಟಿದ ಶಾಸನ, ಶಿಲ್ಪ ಪ್ರಾಚ್ಯವಸ್ತುವೆಂದು 1972ರ ಕೇಂದ್ರ ಕಾಯ್ದೆಯೇ ಹೇಳಿದೆ.

ದತ್ತಿ ಭೂಮಿ ಕದ್ದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂದು ಶಾಸನಗಳು ಶಪಿಸುತ್ತವೆ. ಭೂಮಿ ಹೇಗೋ ಕೈ ಬದಲಾಯಿಸಿತು, ಉಳುವವನಿಗೆ ಸೇರಿತು, ಒಳ್ಳೆಯದೇ ಆಯಿತು. ಕೊಟ್ಟವರ ಗುರುತಾದರೂ ಇದ್ದ ಜಾಗದಲ್ಲೇ ಉಳಿಯಬೇಡವೇ? ಪಂಚಾಯಿತಿಯವರು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತುವರೇ?