ಕಳೆಯುವ ಲೆಕ್ಕದಲ್ಲಿ ನಮ್ಮ ಮಕ್ಕಳೇ ಯಾಕೆ ಕಳೆದುಹೋಗಬೇಕು?

ದಸರಾ ರಜೆಗೆ ಮುಂಚೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯವಾರ್ಷಿಕ ಪರೀಕ್ಷೆ ನಡೆಯುತ್ತದೆ. ಈಗ ಅದಕ್ಕೆ ಸಂಕಲನಾತ್ಮಕ ಮೌಲ್ಯಮಾಪನ ಅಂತ ದೊಡ್ಡ ಹೆಸರು. ಹೆಸರು ಬದಲಾಯಿತು, ಹಣೆಬರಹ ಬದಲಾಗಲಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕೇರಿಗಳಿಂದ, ಸೋಲಿಗರ ಪೋಡುಗಳಿಂದ ಬರುವ ನಮ್ಮ ಐಕ್ಳು ಲೆಕ್ಕದ ಹಾಳೆ ಮುಂದೆ ಕೂತು ಪೆನ್ಸಿಲ್ ಕಚ್ಚುತ್ತವೆ. 'ಈ ಐಕ್ಳ ತಲೆಗೆ ಲೆಕ್ಕ ಹತ್ತಲ್ಲ ಬುಡಿ' ಅನ್ನುವ ಮಾತು ಶಾಲೆಯಲ್ಲೂ ಊರ ಜಗಲಿಯಲ್ಲೂ ಒಂದೇ ರಾಗದಲ್ಲಿ ಕೇಳುತ್ತದೆ. ಇದನ್ನು ನಾವು ಒಪ್ಪುವುದಿಲ್ಲ. ಇದು ಲೆಕ್ಕದ ಬಗೆಗಿನ ಮಾತಲ್ಲ, ಜಾತಿಯ ಬಗೆಗಿನ ಮಾತು.

ಪುಸ್ತಕ ಮುಟ್ಟದೆ ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಮಕ್ಕಳಿಗೆ, ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರ ಮಕ್ಕಳಿಗೆ ಜ್ಞಾಪಕಶಕ್ತಿ ಇಲ್ಲ ಅನ್ನಲು ಯಾರಿಗೆ ಬಾಯಿ ಬಂದೀತು? ಸಂತೆಯಲ್ಲಿ ಅವ್ವನ ಪಕ್ಕ ಕೂತು ಹುಣಸೆಹಣ್ಣು ಮಾರುವ ಹುಡುಗಿ ಚಿಲ್ಲರೆ ಕೊಡುವಾಗ ತಪ್ಪುವುದಿಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿ ವ್ಯಾಪಾರದ ಮಕ್ಕಳ ಮೇಲೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ. ಅಂಥದೇ ಲೆಕ್ಕವನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37. ದೆಹಲಿ, ಕೋಲ್ಕತ್ತಗಳ ಸಂತೆ ಮಕ್ಕಳ ಬಗ್ಗೆ 2025ರಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು. ಅಷ್ಟೇ ಅಲ್ಲ, ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದ್ದನ್ನೂ ಅದು ತೋರಿಸಿತು. ಅಂದರೆ ಬುದ್ಧಿ ಎರಡೂ ಕಡೆ ಇದೆ, ನಡುವೆ ದಾಟಲು ಹಲಗೆ ಇಲ್ಲ. ಆ ಹಲಗೆ ಹಾಕಬೇಕಾದ್ದು ಶಾಲೆಯ ಕೆಲಸ.

ಕಪ್ಪು ಹಲಗೆಯ ಕಥೆಯೂ ನಮಗೆ ಗೊತ್ತು. ಮುಂಬಯಿಯ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸಲು ಬಾಲಕ ಭೀಮನನ್ನು ಹಲಗೆಗೆ ಕರೆದಾಗ, ಹಲಗೆಯ ಹಿಂದೆ ಇಟ್ಟಿದ್ದ ತಮ್ಮ ಊಟದ ಡಬ್ಬಿಗಳು ಮೈಲಿಗೆಯಾದಾವೆಂದು ಸವರ್ಣ ಹುಡುಗರು ಓಡಿಹೋಗಿ ಎತ್ತಿ ಆಚೆ ಎಸೆದರು ಎಂದು ಧನಂಜಯ ಕೀರ್ ಬರೆದಿದ್ದಾರೆ. ಇವತ್ತು ಡಬ್ಬಿ ಯಾರೂ ಎತ್ತುವುದಿಲ್ಲ. ಹಲಗೆಗೆ ನಮ್ಮ ಹುಡುಗನನ್ನು ಕರೆಯುವುದೇ ಇಲ್ಲ. ಮುಂದಿನ ಸಾಲಿನವರೇ ಬಿಡಿಸುತ್ತಾರೆ, ಹಿಂದಿನ ಸಾಲು ನೋಡಿ ಬರೆದುಕೊಳ್ಳುತ್ತದೆ. ಪರೀಕ್ಷೆಯ ತಿಂಗಳು ಬಂತೆಂದರೆ ಅಭ್ಯಾಸ ಅನ್ನುವ ಹೆಸರಲ್ಲಿ ಪ್ರಶ್ನೆ, ಉತ್ತರ ಎರಡನ್ನೂ ನಕಲು ಮಾಡಿಸುವುದು. ಇದು ಅಭ್ಯಾಸವಲ್ಲ, ಮಂತ್ರಪಠಣ. ಅರ್ಥ ಗೊತ್ತಿಲ್ಲದೆ ಒಪ್ಪಿಸುವ ವಿದ್ಯೆಯನ್ನು ನಾವು ಇನ್ನೂ ಎಷ್ಟು ತಲೆಮಾರು ಹೊರಬೇಕು?

ಒಂದು ಲೆಕ್ಕ ನೋಡಿ. 402ರಲ್ಲಿ 178 ಕಳೆಯಬೇಕು. ಮಗು 376 ಎಂದು ಬರೆಯುತ್ತದೆ. ಕೆಂಪು ಗೀಟು, ಸೊನ್ನೆ ಅಂಕ, ಮುಗಿಯಿತು. ಆದರೆ ಆ ಮಗು ಹೇಗೆ ಯೋಚಿಸಿತು? 8ರಲ್ಲಿ 2 ಹೋದರೆ 6. 7ರಲ್ಲಿ ಸೊನ್ನೆ ಹೋದರೆ 7. 4ರಲ್ಲಿ 1 ಹೋದರೆ 3. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಅದು ದಡ್ಡತನವಲ್ಲ, ತಪ್ಪಾಗಿ ಹಿಡಿದ ಒಂದು ನಿಯಮ. ನಾಲ್ಕು ನೂರರ ನೋಟು, ಎರಡು ಒಂದು ರೂಪಾಯಿ ಕೈಗೆ ಕೊಟ್ಟು '178 ಕೊಡು ಮಗ' ಅನ್ನಿ. ಅದೇ ಮಗು ಒಂದು ನೂರನ್ನು ಮುರಿಸಿ ಹತ್ತು ಹತ್ತರ ನೋಟು ಮಾಡುತ್ತದೆ, ಒಂದು ಹತ್ತನ್ನು ಮುರಿಸಿ ಹತ್ತು ಒಂದು ರೂಪಾಯಿ ಮಾಡುತ್ತದೆ. ಈಗ ಕೈಯಲ್ಲಿ 3 ನೂರು, 9 ಹತ್ತು, 12 ಬಿಡಿ. 178 ಕೊಟ್ಟ ಮೇಲೆ ಉಳಿದದ್ದು 224. ನೋಟಿಲ್ಲದಿದ್ದರೆ ಕಡ್ಡಿ ಕಟ್ಟುಗಳಿವೆ, ಹುಣಸೆ ಬೀಜಗಳಿವೆ. ಇದಕ್ಕೆ ಖರ್ಚು ಏನೂ ಇಲ್ಲ. ಆದರೆ ಈ ಮಗುವಿನ ಜೊತೆ ಹತ್ತು ನಿಮಿಷ ಕೂರುವ ಮನಸ್ಸು ಬೇಕು, ಕೂರಲು ಬಿಡುವ ಸರ್ಕಾರ ಬೇಕು.

ಲೆಕ್ಕ ಬಾರದಿದ್ದರೆ ಏನಂತೆ ಅನ್ನುವವರು ನಮ್ಮ ಕೇರಿಗೆ ಬರಲಿ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಅಂದರೆ ಕೇಳಲು ಬಲು ಚಿಕ್ಕದು. 10,000 ರೂಪಾಯಿ ಸಾಲಕ್ಕೆ ತಿಂಗಳಿಗೆ 500, ವರ್ಷಕ್ಕೆ 6,000. ಇಪ್ಪತ್ತೇ ತಿಂಗಳಲ್ಲಿ ಬಡ್ಡಿಯೇ ಅಸಲಿನಷ್ಟು ಕಟ್ಟಿದಂತಾಯಿತು, ಅಸಲು ಹಾಗೇ ಕೂತಿರುತ್ತದೆ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಚಾಮರಾಜನಗರ ಜಿಲ್ಲೆಯ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಾನೂನು ಬೇಕು, ಸರಿ. ಆದರೆ ಹೆಬ್ಬೆಟ್ಟು ಒತ್ತುವ ಮುಂಚೆ ಗುಣಿಸಿ ನೋಡುವ ಒಬ್ಬ ಮಗನೋ ಮಗಳೋ ಮನೆಯಲ್ಲಿ ಇರಬೇಡವೇ? ಅಮೆರಿಕದ ಮಿಸಿಸಿಪಿಯಲ್ಲಿ ಕರಿಯರ ಓಟಿನ ಹಕ್ಕಿಗೆ ಹೋರಾಡಿದ ಬಾಬ್ ಮೋಸಸ್ 1982ರಲ್ಲಿ ಬೀಜಗಣಿತ ಕಲಿಸುವ ಚಳವಳಿ ಶುರುಮಾಡಿದ್ದು ಸುಮ್ಮನೆ ಅಲ್ಲ. ಓಟಿನ ಹಾಗೆ ಲೆಕ್ಕವೂ ಹಕ್ಕು ಅಂತ ಅವರಿಗೆ ಹೊಳೆದಿತ್ತು.

ಸರ್ಕಾರಕ್ಕೆ ಭಾಗಾಕಾರ ಚೆನ್ನಾಗಿ ಬರುತ್ತದೆ. 1956ರಲ್ಲಿ ಕೊಯಮತ್ತೂರಿನಿಂದ ಕೊಳ್ಳೇಗಾಲವನ್ನು ಬಿಡಿಸಿ ಇತ್ತ ಸೇರಿಸಿತು. 1997ರಲ್ಲಿ ಮೈಸೂರು ಜಿಲ್ಲೆ ಭಾಗವಾಯಿತು. ಆಮೇಲೆ ಕೊಳ್ಳೇಗಾಲ ಭಾಗವಾಗಿ ಹನೂರು ತಾಲ್ಲೂಕಾಯಿತು. ಆಫೀಸು ಬಂತು, ಬೋರ್ಡು ಬಂತು. 2024ರ ಅಸರ್ ಸಮೀಕ್ಷೆಯ ಪ್ರಕಾರ ಹಳ್ಳಿಗಾಡಿನ ಭಾರತದಲ್ಲಿ ಐದನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 31 ಮಕ್ಕಳಿಗೆ ಮಾತ್ರ ಭಾಗಾಕಾರ ಬರುತ್ತದೆ. ಉಳಿದ 69ರಲ್ಲಿ ನಮ್ಮವರು ಎಷ್ಟು ಅನ್ನುವುದನ್ನು ಬಿಡಿಸಿ ಹೇಳಬೇಕೇ?

ಮೇಷ್ಟ್ರುಗಳು ನಮ್ಮ ಶತ್ರುಗಳಲ್ಲ. ಎಷ್ಟೋ ಊರಲ್ಲಿ ಒಬ್ಬರೇ ಮೂರು ತರಗತಿ ಕೂರಿಸಿಕೊಂಡು ಹೆಣಗುತ್ತಾರೆ. 2025ರಲ್ಲಿ ಜಾತಿ ಸಮೀಕ್ಷೆಗೆ ಅವರನ್ನೇ ಮನೆಮನೆಗೆ ಕಳಿಸಿದರು. ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ನಮ್ಮನ್ನು ಎಣಿಸಲೇಬೇಕು, ಅದು ನಮ್ಮದೇ ಬೇಡಿಕೆ. ಆದರೆ ನಮ್ಮನ್ನು ಎಣಿಸುವುದಕ್ಕೆ ನಮ್ಮ ಮಕ್ಕಳು ಎಣಿಕೆ ಕಲಿಯುವ ದಿನಗಳನ್ನೇ ಕಳೆಯಬೇಕೆ? ನಿರುದ್ಯೋಗಿ ಪದವೀಧರರು ಊರೂರಲ್ಲಿ ಕೂತಿದ್ದಾರೆ, ಅವರಿಗೆ ಕೆಲಸ ಕೊಡಲಿ.

ಪರೀಕ್ಷೆಯೇ ಪುರೋಹಿತಶಾಹಿ, ಕಿತ್ತು ಹಾಕಿ ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು, ಆದರೆ ದಾರಿ ತಪ್ಪು. ಪರೀಕ್ಷೆ ಹೋದರೂ ಪೇಟೆಯ ಮಗುವಿಗೆ ಟ್ಯೂಷನ್ ಇರುತ್ತದೆ. ನಮ್ಮ ಮಗು ಎಲ್ಲಿ ಎಡವಿತು ಅನ್ನುವ ಸುದ್ದಿಯೂ ನಮಗೆ ಸಿಗದೆ ಹೋಗುತ್ತದೆ. ಮಧ್ಯವಾರ್ಷಿಕ ಅಂದರೆ ಇನ್ನೂ ಅರ್ಧ ವರ್ಷ ಕೈಯಲ್ಲಿದೆ ಅಂತ ಅರ್ಥ. ಇವತ್ತು ಆಗುತ್ತಿರುವುದು ಅಂಕ ಕಂಪ್ಯೂಟರಿಗೆ ತುಂಬಿ, ಉತ್ತರ ಪತ್ರಿಕೆ ಕಟ್ಟಿಟ್ಟು, ಮುಂದಿನ ಪಾಠಕ್ಕೆ ಹೋಗುವುದು. ಕಳೆಯಲು ಬಾರದ ಮಗುವಿಗೆ ಭಾಗಾಕಾರ! ತಳಪಾಯ ಇಲ್ಲದ ಗೋಡೆಗೆ ಸುಣ್ಣ!

ಆದ್ದರಿಂದ ನಮ್ಮ ಕೇಳಿಕೆ ಇಷ್ಟು. ರಜೆ ಮುಗಿದ ಮೊದಲ ಎರಡು ವಾರ ಹೊಸ ಪಾಠ ಬೇಡ. ತಪ್ಪಿದ ಲೆಕ್ಕಗಳನ್ನು ತಪ್ಪಿದ ಮಕ್ಕಳಿಂದಲೇ ಹಲಗೆಯ ಮೇಲೆ ಬಿಡಿಸಬೇಕು. ಉತ್ತರ ಪತ್ರಿಕೆಯನ್ನು ತಾಯಿತಂದೆಯರ ಮುಂದೆ ಬಿಚ್ಚಿ, ಅಂಕ ಓದುವ ಬದಲು ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಹೇಳಬೇಕು. ಖಾಲಿ ಇರುವ ಶಿಕ್ಷಕರ ಹುದ್ದೆಗಳನ್ನು ಮೊದಲು ಪೋಡಿನ ಶಾಲೆಗಳಲ್ಲಿ, ಕಾಡಂಚಿನ ಶಾಲೆಗಳಲ್ಲಿ ತುಂಬಬೇಕು.

ಸರ್ಕಾರ ಮಾಡುವ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ಕಾಲೇಜು ಓದುವ ತಮ್ಮಂದಿರೇ, ತಂಗಿಯರೇ, ನಿಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ದೀಪ ಹೊತ್ತಿಸಿ. ಸಂಜೆ ಒಂದು ಗಂಟೆ ಐಕ್ಳ ಜೊತೆ ಕೂತು ಕಡ್ಡಿ ಎಣಿಸಿ. ಕೂಡುವುದು, ಕಳೆಯುವುದು ಬಂದ ಮಗು ನಾಳೆ ಕೂಲಿಯ ಲೆಕ್ಕ ಕೇಳುತ್ತದೆ, ಬಡ್ಡಿಯ ಲೆಕ್ಕ ಕೇಳುತ್ತದೆ, ಪಂಚಾಯ್ತಿಯ ಲೆಕ್ಕ ಕೇಳುತ್ತದೆ. ಲೆಕ್ಕ ಕೊಡಬೇಕಾದವರು ಈಗಿಂದಲೇ ಪುಸ್ತಕ ಸರಿಮಾಡಿ ಇಟ್ಟುಕೊಳ್ಳಲಿ.