ಗಾಲಿ ದೊಡ್ಡದಾದರೆ ಬಲವೂ ದೊಡ್ಡದೇ?

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಾದಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ. ಇಂಥ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಜೀಪನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದನು. ಕಾರ್ಖಾನೆಯಿಂದ ಬಂದ ೨೯ ಇಂಚಿನ ಗಾಲಿಗಳನ್ನು ತೆಗೆಸಿ ೩೩ ಇಂಚಿನವುಗಳನ್ನು ಕೂಡ್ರಿಸಿದ್ದನು. ಹತ್ತಿ ಕುಳಿತರೆ ಗಜಾರೋಹಣದ ಭಾಸವಾಗುವದು! ಆದರೆ ಅವನ ಮೋರೆ ಬಾಡಿದ್ದಿತು.

“ಮಾಸ್ತರರೇ, ನಿಪ್ಪಾಣಿ ಬಳಿಯ ತವಂದಿ ಘಾಟನ್ನು ಗಾಡಿ ಮೊದಲಿನಂತೆ ಏರುವದಿಲ್ಲ. ಇಂದು ಇಳಿಯುವಾಗ ಬ್ರೇಕು ತುಳಿದರೂ ಬೇಗ ನಿಲ್ಲಲಿಲ್ಲ; ಮುಂದಿದ್ದ ಕಬ್ಬಿನ ಗಾಡಿಗೆ ಮೊಳದ ಅಂತರವಷ್ಟೇ ಉಳಿಯಿತು. ಅಜ್ಜನ ಚಕ್ಕಡಿಯ ದೊಡ್ಡ ಗಾಲಿ ಕೆಸರಿನಲ್ಲಿಯೂ ಹಗುರಾಗಿ ಉರುಳುತ್ತಿತ್ತು. ನನ್ನದೇಕೆ ಹೀಗೆ?” ಎಂದು ಕೇಳಿದನು.

ಪ್ರಶ್ನೆಯು ವಿಚಾರಾರ್ಹವಾದುದು. ಚಕ್ಕಡಿಯ ಗಾಲಿಯನ್ನು ಯಾರೂ ತಿರುವುವದಿಲ್ಲ. ಎತ್ತುಗಳು ನೊಗದಿಂದ ಬಂಡಿಯನ್ನೆಳೆಯುವವು, ಗಾಲಿಯು ಹಿಂದೆ ಉರುಳುವದು. ಅದು ದೊಡ್ಡದಿದ್ದಷ್ಟೂ ತಗ್ಗು ದಿನ್ನೆಗಳನ್ನು ಸುಲಭವಾಗಿ ದಾಟುವದು. ಮೋಟಾರಿನಲ್ಲಾದರೋ ಎಂಜಿನು ಅಚ್ಚನ್ನು ತಿರುವಬೇಕು. ಗಾಲಿಯ ಅಂಚು ನೆಲವನ್ನು ಹಿಂದಕ್ಕೆ ನೂಕಬೇಕು. ಸಂಸ್ಕೃತದಲ್ಲಿ ಗಾಲಿಯ ನಡುವಿಗೆ ನಾಭಿಯೆಂದೂ ಅಂಚಿಗೆ ನೇಮಿಯೆಂದೂ ಹೆಸರು. ನಾಭಿಯಿಂದ ನೇಮಿಯು ದೂರವಾದಷ್ಟೂ ಆ ನೂಕು ಕುಗ್ಗುವದು. ತುಂಬಿದ ಕೊಡವನ್ನು ಬಗಲಲ್ಲಿ ಹೊರುವ ಗೃಹಿಣಿಯು ಅದನ್ನೇ ತೋಳು ಚಾಚಿ ಹಿಡಿಯಬಲ್ಲಳೇ? ಇದೂ ಹಾಗೆಯೇ. ಎತ್ತಿಗೆ ಉಪಕಾರಿಯಾದ ಗುಣವೇ ಎಂಜಿನಿಗೆ ಹೊರೆಯಾಯಿತು.

ಲೆಕ್ಕವನ್ನು ನೋಡಿರಿ. ೨೯ ಇಂಚಿನ ಗಾಲಿಯು ಒಂದು ಸುತ್ತಿಗೆ ಸುಮಾರು ೨೩೧ ಸೆಂಟಿಮೀಟರು ಸಾಗುವದು. ೩೩ ಇಂಚಿನದು ೨೬೩. ಅದೇ ಗೇರಿನಲ್ಲಿ ನೂಕು ನೂರಕ್ಕೆ ಸುಮಾರು ೧೨ರಷ್ಟು ಇಳಿಯುವದು. ಘಾಟು ಏರದಿರಲು ಇದೇ ಕಾರಣ. ಸುತ್ತುಗಳನ್ನೆಣಿಸಿ ವೇಗ ಹೇಳುವ ಮುಳ್ಳೂ ಮೋಸಹೋಗುವದು; ಮೊದಲು ಅದು ಸರಿಯಾಗಿದ್ದಿತೆಂದು ಹಿಡಿದರೆ, ಈಗ ೫೦ ತೋರಿಸುವಾಗ ನಿಜವಾದ ವೇಗವು ೫೭ರ ಸಮೀಪ.

ಬ್ರೇಕಿನ ಗತಿಯೂ ಇದೇ. ಅದು ಹಿಡಿಯುವದು ನಾಭಿಯ ಬಳಿಯಲ್ಲಿ, ನಿಲ್ಲಿಸಬೇಕಾದದ್ದು ನೇಮಿಯನ್ನು. ಅಷ್ಟೇ ತುಳಿತಕ್ಕೆ ತಡೆಯುವ ಬಲ ಕಡಿಮೆಯಾಗುವದು. ಮೇಲಾಗಿ ದೊಡ್ಡ ಟಾಯರು ಹೆಚ್ಚು ಭಾರವುಳ್ಳದ್ದು. ನೇಮಿಯಲ್ಲಿ ಕೂಡಿದ ಒಂದು ಕಿಲೋ ಭಾರವನ್ನು ಮುಂದಕ್ಕೂ ಒಯ್ಯಬೇಕು, ಸುತ್ತಲೂ ತಿರುಗಿಸಬೇಕು. ಆದುದರಿಂದ ವೇಗವನ್ನು ಏರಿಸುವಾಗಲೂ ಇಳಿಸುವಾಗಲೂ ಅದು ಸುಮಾರು ಎರಡು ಕಿಲೋದಂತೆ ವರ್ತಿಸುವದು.

ಲಾಭವೇ ಇಲ್ಲವೆಂದಲ್ಲ. ಗಾಡಿಯ ಅಡಿಭಾಗವು ಎರಡು ಇಂಚು ಮೇಲೇರುವದರಿಂದ ಎರೆಹೊಲದ ಹಾದಿಗೆ ಅನುಕೂಲ. ಆದರೆ ಮೈ ಎತ್ತರವಾದಷ್ಟು ತಿರುವಿನಲ್ಲಿ ವಾಲುವದೂ ಹೆಚ್ಚು.

ಅಮೇರಿಕೆಯಲ್ಲಿ ೧೯೬೪ರ ಪಾಂಟಿಯಾಕ್ ಜಿ.ಟಿ.ಓ.ದಂಥ, ದೊಡ್ಡ ಎಂಜಿನು ಕೂಡ್ರಿಸಿದ “ಮಸಲ್ ಕಾರು”ಗಳಿಗೂ ಇದೇ ನಿಯಮ. ಅವುಗಳಿಗೆ ಎತ್ತರದ ಗಾಲಿ ಹಾಕುವ ಬಲ್ಲವರು ಡಿಫರೆನ್ಶಿಯಲ್ಲಿನ ಹಲ್ಲುಗಾಲಿಗಳ ಪ್ರಮಾಣವನ್ನೂ ಬದಲಿಸುವರು. ಕಳೆದ ನೂಕು ಅದರಿಂದ ಮರಳುವದು. ಬ್ರೇಕಿನ ಕೊರತೆಯು ಮಾತ್ರ ತೀರದು. ಲೋಹದ ಬಳೆಯನ್ನು ಹಿಗ್ಗಿಸಿ ರಬ್ಬರನ್ನು ತೆಳ್ಳಗೆ ಮಾಡಿದರೆ ಒಟ್ಟು ಎತ್ತರವು ಮೊದಲಿನಷ್ಟೇ ಇರಬಲ್ಲದು. ಆಗ ನೂಕು ಕುಗ್ಗದು. ಆದರೆ ತಗ್ಗಿನ ಪೆಟ್ಟು ನೇರವಾಗಿ ಬಳೆಗೇ ತಾಗುವದು. ನಮ್ಮ ಹಾದಿಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಕಾಯಿದೆಯನ್ನೂ ಮರೆಯಲಾಗದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ನೋಂದಣಿಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುವದು. ೨೦೧೯ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಹಳೆಯ ಗಾಲಿಗಳು ಅಟ್ಟದ ಮೇಲಿವೆ” ಎಂದನು. “ನಾಳೆಯೇ ಇಳಿಸು, ತಮ್ಮಾ. ಅಲ್ಲಿಯವರೆಗೆ ಘಾಟಿನ ಕಡೆಗೆ ಹೋಗಬೇಡ” ಎಂದೆವು.

ಮಕ್ಕಳು ಗಾಲಿಗಾಗಿ ಹಣ ಕೇಳಿದಾಗ ಗೃಹಸ್ಥರು ಬೆಲೆಯನ್ನಷ್ಟೇ ಕೇಳಿ ಸುಮ್ಮನಾಗಬಾರದು. ಇಳಿಜಾರಿನಲ್ಲಿ ಗಾಡಿ ಎಷ್ಟು ದೂರದಲ್ಲಿ ನಿಲ್ಲುವದೆಂಬುದನ್ನೂ ಕೇಳಬೇಕು.